ಸುಟ್ಟ ಸೌದೆ ಹೋದದ್ದೆಲ್ಲಿಗೆ?

ಮಲೆನಾಡಿನ ನಮ್ಮ ಹಳೆಯ ಮನೆಯ ಬಚ್ಚಲಿನಲ್ಲಿ ಮಣ್ಣಿನ ಒಲೆಗೆ ಹುಗಿದ ದೊಡ್ಡ ತಾಮ್ರದ ಹಂಡೆಯೊಂದಿತ್ತು. ಮಳೆಗಾಲದಲ್ಲಿ ಆ ಒಲೆ ಆರುತ್ತಿದ್ದುದೇ ಅಪರೂಪ. ಮೀಯುವುದಕ್ಕೆ ನೀರು ಕಾಯಬೇಕು, ಒದ್ದೆ ಬಟ್ಟೆ ಒಣಗಬೇಕು, ದನಗಳಿಗೆ ಅಕ್ಕಚ್ಚು ಬಿಸಿಯಾಗಬೇಕು. ವಾರಕ್ಕೊಮ್ಮೆ ಬೂದಿ ತೋಡುವ ಕೆಲಸ ಮನೆಯ ಕಿರಿಯವನಾದ ನನಗೆ ಬೀಳುತ್ತಿತ್ತು. ಕೊಟ್ಟಿಗೆಯ ಅಟ್ಟದಿಂದ ಹೊರೆಗಟ್ಟಲೆ ಇಳಿಸಿ ಉರಿಸಿದ ಸೌದೆಗೆ ಪ್ರತಿಯಾಗಿ ನನಗೆ ಸಿಗುತ್ತಿದ್ದುದು ಒಂದು ಹರಕು ಬುಟ್ಟಿಯ ತಳ ಮುಚ್ಚುವಷ್ಟು ಬೂದಿ.

“ಅಜ್ಜಿ, ಅಷ್ಟೊಂದು ಸೌದೆ ಎಲ್ಲಿಗೆ ಹೋಯ್ತು?” ಎಂದು ಒಮ್ಮೆ ಕೇಳಿದ್ದೆ.

“ಎಲ್ಲಿಗೆ ಹೋಗ್ತದೆ ಪುಟ್ಟಾ, ಉರಿದು ಹೋಯ್ತು” ಎಂದರು ಅಜ್ಜಿ, ಅದೇ ಬೂದಿಯಲ್ಲಿ ಚೊಂಬು ತಿಕ್ಕುತ್ತ. ನಾನು ಬಿಡಲಿಲ್ಲ. “ಉರಿದು ಎಲ್ಲಿಗೆ ಹೋಯ್ತು?” ಅಜ್ಜಿ ಕೈ ನಿಲ್ಲಿಸಿ, ಹೆಂಚಿನ ಸಂದಿಯಲ್ಲಿ ನುಸುಳುತ್ತಿದ್ದ ಹೊಗೆಯ ಕಡೆಗೆ ಗಲ್ಲ ಎತ್ತಿ ತೋರಿಸಿದರು. “ಮೇಲೆ ಹೋಯ್ತು. ಈಗ ಬೂದಿ ಕೊಂಡುಹೋಗಿ ಬಸಳೆ ಬುಡಕ್ಕೆ ಹಾಕು.”

ಕೆಲವು ವರ್ಷಗಳ ನಂತರ ಹೈಸ್ಕೂಲಿನಲ್ಲಿ ಮೇಷ್ಟ್ರು ‘ದ್ರವ್ಯರಾಶಿ ಸಂರಕ್ಷಣಾ ನಿಯಮ’ವನ್ನು ಬರೆಸಿದರು. ದ್ರವ್ಯವನ್ನು ಸೃಷ್ಟಿಸುವುದಕ್ಕೂ ಆಗದು, ನಾಶಪಡಿಸುವುದಕ್ಕೂ ಆಗದು. ಅದು ರೂಪ ಬದಲಿಸುತ್ತದೆ ಅಷ್ಟೆ. ಎರಡು ಅಂಕದ ಪ್ರಶ್ನೆ. ಉರು ಹೊಡೆದೆವು, ಬರೆದೆವು, ಅಂಕವನ್ನೂ ಪಡೆದೆವು. ಅದಕ್ಕೂ ನಮ್ಮ ಬಚ್ಚಲ ಒಲೆಗೂ ಸಂಬಂಧವಿದೆಯೆಂದು ಮೇಷ್ಟ್ರು ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಇಂಥ ನಿಯಮವೊಂದನ್ನು ಕಂಡುಹಿಡಿಯಲು ಮನುಷ್ಯಕುಲಕ್ಕೆ ಅಷ್ಟು ಶತಮಾನಗಳು ಯಾಕೆ ಬೇಕಾದವು ಎಂಬ ಪ್ರಶ್ನೆಯಂತೂ ಯಾರಿಗೂ ಬರಲಿಲ್ಲ.

ಬಚ್ಚಲ ಒಲೆಯ ಲೆಕ್ಕವನ್ನೇ ಮೊದಲು ಮುಗಿಸೋಣ. ಚೆನ್ನಾಗಿ ಒಣಗಿದ 10 ಕಿಲೋ ಸೌದೆ ಇದೆ ಎನ್ನಿ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಉಳಿದದ್ದರಲ್ಲಿ ಬಹುಪಾಲು ಆಮ್ಲಜನಕ, ಸ್ವಲ್ಪ ಜಲಜನಕ. ನೆಲದಿಂದ ಬಂದ ಸುಣ್ಣ, ಪೊಟ್ಯಾಷ್ ಮುಂತಾದವು ನೂರಕ್ಕೆ ಒಂದೆರಡು ಪಾಲು, ಅದೇ ಬೂದಿ. ಪೂರ್ತಿ ಉರಿದಾಗ ಈ ಸೌದೆ ಬಚ್ಚಲಿನ ಗಾಳಿಯಿಂದ ಸುಮಾರು 14 ಕಿಲೋ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಹೊರಬೀಳುವುದು ಸುಮಾರು 18 ಕಿಲೋ ಇಂಗಾಲದ ಡೈಆಕ್ಸೈಡ್, ಐದೂವರೆ ಕಿಲೋದಷ್ಟು ನೀರಾವಿ ಮತ್ತು ಅಜ್ಜಿಯ ಚೊಂಬು ತಿಕ್ಕುವ ಬೂದಿ. ಅಂದರೆ ಹತ್ತು ಕಿಲೋ ಸುಟ್ಟು ನಾವು ಇಪ್ಪತ್ನಾಲ್ಕು ಕಿಲೋ ಪದಾರ್ಥವನ್ನು ಹೆಂಚಿನ ಸಂದಿಯಿಂದ ಕಳಿಸುತ್ತಿದ್ದೆವು! ಸೌದೆ ಕಡಿಮೆಯಾಗಲಿಲ್ಲ, ಗಾಳಿಯನ್ನು ಕೂಡಿಸಿಕೊಂಡು ಎರಡೂಕಾಲು ಪಟ್ಟಿಗಿಂತ ಹೆಚ್ಚಾಯಿತು. ಕಣ್ಣಿಗೆ ಕಾಣುವ ಭಾಗ ಮಾತ್ರ ಬುಟ್ಟಿಯ ತಳದಲ್ಲಿ ಉಳಿಯಿತು.

ದೇವರ ಮುಂದೆ ಏನನ್ನೂ ಉಳಿಸದೆ ಉರಿದುಹೋಗುವ ಕರ್ಪೂರದ ಕಥೆಯೂ ಇದೇ. ಒಂದು ಗ್ರಾಂ ಕರ್ಪೂರ ಪೂರ್ತಿ ಉರಿದರೆ ಮೂರು ಗ್ರಾಂಗೆ ಹತ್ತಿರದಷ್ಟು ಇಂಗಾಲದ ಡೈಆಕ್ಸೈಡೂ ಒಂದು ಗ್ರಾಂನಷ್ಟು ನೀರಾವಿಯೂ ಗರ್ಭಗುಡಿಯ ಗಾಳಿಗೆ ಸೇರುತ್ತವೆ. ಹಚ್ಚದೆ ಡಬ್ಬಿಯ ಮುಚ್ಚಳ ತೆರೆದಿಟ್ಟರೂ ಕರ್ಪೂರ ಕರಗುತ್ತದೆ. ಅಲ್ಲಿ ಯಾವ ರಾಸಾಯನಿಕ ಕ್ರಿಯೆಯೂ ಇಲ್ಲ, ಕರ್ಪೂರ ಕರ್ಪೂರವಾಗಿಯೇ ಆವಿಯಾಗುತ್ತದೆ. ಮೂಗಿಗೆ ಅದು ಗೊತ್ತು. ನೀರಿಗೆ ಹಾಕಿದ ಉಪ್ಪು, ಕರಗಿದ ಮಂಜುಗಡ್ಡೆ, ಹಗ್ಗದ ಮೇಲೆ ಒಣಗಿದ ಪಂಚೆ ಇವೆಲ್ಲ ಈ ಜಾತಿಯವು. ಇವುಗಳನ್ನು ಒಪ್ಪುವುದು ಕಷ್ಟವಲ್ಲ. ಕಷ್ಟವಿದ್ದದ್ದು ಬೆಂಕಿಯ ವಿಷಯದಲ್ಲಿ.

ಮರ ತಿಂದದ್ದೇನು?

ಈ ಕಷ್ಟ ಎಷ್ಟು ದೊಡ್ಡದೆಂಬುದಕ್ಕೆ ಬ್ರಸೆಲ್ಸ್ ಕಡೆಯ ವೈದ್ಯ ಯಾನ್ ಬಾಪ್ಟಿಸ್ಟ್ ವಾನ್ ಹೆಲ್ಮಾಂಟನ ಕಥೆಯೇ ಸಾಕು. ಈ ಮಹಾನುಭಾವ ಒಂದು ದೊಡ್ಡ ಮಣ್ಣಿನ ಕುಂಡದಲ್ಲಿ 200 ಪೌಂಡ್ ಒಣಮಣ್ಣು ತುಂಬಿ, 5 ಪೌಂಡ್ ತೂಗುವ ವಿಲೋ ಗಿಡವೊಂದನ್ನು ನೆಟ್ಟ. ಐದು ವರ್ಷ ಬರೀ ನೀರು ಹಾಕಿದ. ಕೊನೆಗೆ ಕಿತ್ತು ತೂಗಿದರೆ ಮರ 169 ಪೌಂಡ್ ಇತ್ತು! ಮಣ್ಣನ್ನು ಮತ್ತೆ ಒಣಗಿಸಿ ತೂಗಿದ. ಕಡಿಮೆಯಾಗಿದ್ದದ್ದು ಸುಮಾರು ಎರಡು ಔನ್ಸ್ ಮಾತ್ರ. ಮರ ಮಣ್ಣು ತಿಂದು ಬೆಳೆಯುತ್ತದೆಂಬ ಎರಡು ಸಾವಿರ ವರ್ಷಗಳ ನಂಬಿಕೆ ಅಲ್ಲಿಗೆ ಮುರಿಯಿತು. ಹಾಗಾದರೆ ಮರವೆಂದರೆ ಗಟ್ಟಿಯಾದ ನೀರು ಎಂದು ಆತ ತೀರ್ಮಾನಿಸಿದ. ಆತ ಸತ್ತ ಮೇಲೆ, 1648ರಲ್ಲಿ, ಮಗ ಇದನ್ನೆಲ್ಲ ಅಚ್ಚು ಹಾಕಿಸಿದ.

ತಮಾಷೆಯೆಂದರೆ ಇದೇ ವಾನ್ ಹೆಲ್ಮಾಂಟ್ 62 ಪೌಂಡ್ ಇದ್ದಿಲನ್ನೂ ಸುಟ್ಟು ನೋಡಿದ್ದ. ಉಳಿದದ್ದು ಒಂದೇ ಪೌಂಡ್ ಬೂದಿ. ಮಿಕ್ಕ 61 ಪೌಂಡ್ ಕಣ್ಣಿಗೆ ಕಾಣದ, ಪಾತ್ರೆಯಲ್ಲಿ ಹಿಡಿದಿಡಲಾಗದ ಯಾವುದೋ ‘ಕಾಡು ಚೈತನ್ಯ’ವಾಗಿ ಹೋಯಿತೆಂದು ಸರಿಯಾಗಿಯೇ ಊಹಿಸಿದ. ಅದಕ್ಕೊಂದು ಹೊಸ ಹೆಸರನ್ನೂ ಕೊಟ್ಟ: ‘ಗ್ಯಾಸ್’. ಇಂದು ಅಡಿಗೆಮನೆಯಲ್ಲಿ ‘ಗ್ಯಾಸ್ ಮುಗೀತು’ ಎನ್ನುವಾಗ ನಾವು ಬಳಸುವುದು ಆತ ಕೊಟ್ಟ ಮಾತನ್ನೇ. ಇದ್ದಿಲಿನಿಂದ ಹೊರಟ ಆ ಗ್ಯಾಸನ್ನೇ ತನ್ನ ವಿಲೋ ಮರ ಎಲೆಗಳಿಂದ ಹೀರಿ ಕಾಂಡವಾಗಿಸಿಕೊಂಡಿತ್ತೆಂಬುದು ಮಾತ್ರ ಆತನಿಗೆ ಹೊಳೆಯಲಿಲ್ಲ. ಉತ್ತರದ ಎರಡೂ ತುದಿಗಳು ಆತನ ಎರಡು ಕೈಗಳಲ್ಲಿದ್ದವು, ಗಂಟು ಹಾಕಲು ಆಗಲಿಲ್ಲ. ಗಾಳಿಗೆ ತೂಕವಿದೆ, ಅದು ವ್ಯವಹಾರದಲ್ಲಿ ಪಾಲುದಾರ ಎಂಬ ಯೋಚನೆಯೇ ಆ ಕಾಲಕ್ಕೆ ದೂರದ್ದು.

ಮುಂದಿನ ನೂರು ವರ್ಷ ಯುರೋಪಿನ ವಿದ್ವಾಂಸರು ಬೆಂಕಿಯನ್ನು ವಿವರಿಸಿದ್ದು ‘ಫ್ಲೋಜಿಸ್ಟನ್’ ಎಂಬ ಕಲ್ಪಿತ ವಸ್ತುವಿನ ಮೂಲಕ. ಉರಿಯುವ ಎಲ್ಲದರಲ್ಲೂ ಫ್ಲೋಜಿಸ್ಟನ್ ಇದೆ. ಉರಿಯುವಾಗ ಅದು ಹೊರಗೆ ಹೋಗುತ್ತದೆ. ಆದ್ದರಿಂದಲೇ ಬೂದಿ ಹಗುರ. ಬಚ್ಚಲ ಒಲೆಯ ಮುಂದೆ ಕುಳಿತವರಿಗೆ ಇದು ತಟ್ಟನೆ ಒಪ್ಪಿಗೆಯಾಗುವ ವಾದವೇ. ತೊಡಕು ಬಂದದ್ದು ಲೋಹಗಳಲ್ಲಿ. ತವರ, ಸೀಸಗಳನ್ನು ಕಾಯಿಸಿ ಭಸ್ಮ ಮಾಡಿದರೆ ಭಸ್ಮವೇ ಲೋಹಕ್ಕಿಂತ ಹೆಚ್ಚು ತೂಗುತ್ತಿತ್ತು! ಏನೋ ಹೊರಗೆ ಹೋದ ಮೇಲೆ ತೂಕ ಹೆಚ್ಚುವುದು ಹೇಗೆ? ಕೆಲವರು ಫ್ಲೋಜಿಸ್ಟನ್‌ಗೆ ಋಣ ತೂಕವಿದೆಯೆಂದರು. ಸಾಲ ತೀರಿಸಿದವನ ಐಶ್ವರ್ಯ ಹೆಚ್ಚಿದ ಹಾಗೆ! ಹಲವರು ತೂಕದ ಗೊಡವೆಗೇ ಹೋಗಲಿಲ್ಲ.

ರಷ್ಯದ ಮಿಖಾಯಿಲ್ ಲೊಮೊನೊಸೊವ್ 1756ರಲ್ಲೇ ಬಾಯಿ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಲೋಹ ಕಾಯಿಸಿ, ಹೊರಗಿನ ಗಾಳಿ ಒಳಬರದಿದ್ದರೆ ತೂಕ ಹೆಚ್ಚುವುದಿಲ್ಲ ಎಂದು ತೋರಿಸಿದ್ದ. ಆತನ ಕೆಲಸ ಪಶ್ಚಿಮ ಯುರೋಪಿಗೆ ಸರಿಯಾಗಿ ತಲುಪಲಿಲ್ಲ. ಅಗ್ಗದ ಬೆಲೆಗೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳನ್ನು ಓದಿ ಬೆಳೆದವರಿಗೆ ಇದನ್ನು ‘ಲೊಮೊನೊಸೊವ್–ಲಾವೋಸಿಯೆ ನಿಯಮ’ ಎಂದು ಓದಿದ ನೆನಪಿರಬಹುದು.

ತಕ್ಕಡಿ ಹಿಡಿದ ತೆರಿಗೆ ಗುತ್ತಿಗೆದಾರ

ಆಂತ್ವಾನ್ ಲಾವೋಸಿಯೆ ಹುಟ್ಟಿದ್ದು 1743ರಲ್ಲಿ, ಪ್ಯಾರಿಸಿನ ಅನುಕೂಲಸ್ಥ ವಕೀಲರ ಮನೆಯಲ್ಲಿ. 1768ರಲ್ಲಿ ಆತ ಎರಡು ಸಂಸ್ಥೆಗಳನ್ನು ಒಟ್ಟಿಗೇ ಸೇರಿದ. ಒಂದು ವಿಜ್ಞಾನ ಅಕಾಡೆಮಿ. ಇನ್ನೊಂದು, ದೊರೆಯ ಪರವಾಗಿ ಉಪ್ಪು, ಹೊಗೆಸೊಪ್ಪು ಮುಂತಾದವುಗಳ ತೆರಿಗೆ ಎತ್ತುವ ಗುತ್ತಿಗೆದಾರರ ಖಾಸಗಿ ಕೂಟ. ಒಂದು ಆತನನ್ನು ಅಮರನನ್ನಾಗಿಸಿತು, ಇನ್ನೊಂದು ಆತನ ತಲೆ ತೆಗೆಸಿತು. ಎರಡೂ ಕಡೆ ಆತ ಮಾಡಿದ ಕೆಲಸ ಒಂದೇ ಬಗೆಯದು ಎನ್ನಬೇಕು: ಜಮಾ ಎಷ್ಟು, ಖರ್ಚೆಷ್ಟು, ಎರಡೂ ತಾಳೆಯಾಗುತ್ತವೆಯೇ?

ಆತನ ಮೊದಲ ದೊಡ್ಡ ಪ್ರಯೋಗ ನಮ್ಮ ಮನೆಗಳಲ್ಲೂ ಕಾಣುವಂಥದ್ದರ ಬಗ್ಗೆ. ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಗಸಿ ಕೂರುತ್ತದಲ್ಲ, ಅದು ನೀರೇ ಮಣ್ಣಾಗಿ ಮಾರ್ಪಟ್ಟದ್ದು ಎಂದು ಆಗಿನ ಹಲವರು ನಂಬಿದ್ದರು. ಲಾವೋಸಿಯೆ ಶುದ್ಧೀಕರಿಸಿದ ನೀರನ್ನು ಪೆಲಿಕನ್ ಎಂಬ ಗಾಜಿನ ಪಾತ್ರೆಯಲ್ಲಿ ಹಾಕಿದ. ಏಳುವ ಹಬೆ ತಣ್ಣಗಾಗಿ ಅದೇ ಪಾತ್ರೆಗೆ ಇಳಿಯುವಂಥ ರಚನೆ ಅದು. ಬಾಯಿ ಮುಚ್ಚಿ, ತೂಗಿ, ಬಿಡದೆ 101 ದಿನ ಕಾಯಿಸಿದ. ನೂರಾ ಒಂದು ದಿನ! ಕೊನೆಗೆ ಒಟ್ಟು ತೂಕ ಇದ್ದಷ್ಟೇ ಇತ್ತು. ಗಸಿಯಂತೂ ಬಂದಿತ್ತು. ನೀರನ್ನು ಸುರಿದು, ಪಾತ್ರೆಯನ್ನು ಒಣಗಿಸಿ ತೂಗಿದರೆ ಪಾತ್ರೆಯೇ ಸುಮಾರು 17 ಗ್ರೇನ್ ಹಗುರವಾಗಿತ್ತು. ಗಸಿಯ ತೂಕವೂ ಅದರ ಆಸುಪಾಸಿನಲ್ಲೇ. ನೀರು ಮಣ್ಣಾಗಿರಲಿಲ್ಲ, ಗಾಜು ಸವೆದಿತ್ತು. ಒಂದು ಗ್ರೇನ್ ಎಂದರೆ ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹೆಚ್ಚುಕಡಿಮೆ ಅರ್ಧ. ಅಷ್ಟು ನಾಜೂಕಿನ ತಕ್ಕಡಿ ಮತ್ತು ಅಷ್ಟು ದಿನದ ತಾಳ್ಮೆ ಇದ್ದವನು ಮಾತ್ರ ಗೆಲ್ಲಬಹುದಾಗಿದ್ದ ವಾದ ಅದು.

1772ರಲ್ಲಿ ಗಂಧಕ, ರಂಜಕಗಳು ಉರಿದಾಗ ತೂಕ ಹೆಚ್ಚುವುದನ್ನು ಕಂಡ ಆತ, ಬೇರೆಯವರು ಮುಂದಾಗಬಾರದೆಂದು ಟಿಪ್ಪಣಿ ಬರೆದು ಮೊಹರು ಹಾಕಿ ಅಕಾಡೆಮಿಗೆ ಒಪ್ಪಿಸಿಟ್ಟ. ತೆರಿಗೆ ಗುತ್ತಿಗೆದಾರನ ಬುದ್ಧಿ! 1774ರಲ್ಲಿ ಮುಚ್ಚಿದ ಗಾಜಿನ ಬುರುಡೆಯಲ್ಲಿ ತವರ ಕಾಯಿಸಿದ. ತವರದ ಒಂದು ಭಾಗ ಭಸ್ಮವಾಯಿತು, ಬುರುಡೆಯ ತೂಕ ಬದಲಾಗಲಿಲ್ಲ. ಬಾಯಿ ಒಡೆದಾಗ ಸುಯ್ಯೆಂದು ಹೊರಗಿನ ಗಾಳಿ ನುಗ್ಗಿತು. ಈಗ ತೂಕ ಹೆಚ್ಚಿತು. ಹೆಚ್ಚಿದ್ದು ಎಷ್ಟು? ತವರ ಭಸ್ಮವಾಗುವಾಗ ಗಳಿಸಿದಷ್ಟೇ. ಎಂದರೆ ಒಳಗಿದ್ದ ಗಾಳಿಯ ಒಂದು ಪಾಲು ತವರದೊಳಗೆ ಸೇರಿಕೊಂಡು ಅಲ್ಲಿ ಜಾಗ ಖಾಲಿಯಾಗಿತ್ತು.

ಯಾವ ಪಾಲು? ಅದೇ ವರ್ಷ ಇಂಗ್ಲೆಂಡಿನಿಂದ ಬಂದಿದ್ದ ಜೋಸೆಫ್ ಪ್ರೀಸ್ಟ್ಲಿ ಪ್ಯಾರಿಸಿನಲ್ಲಿ ಊಟಕ್ಕೆ ಕುಳಿತಾಗ, ಪಾದರಸದ ಕೆಂಪು ಭಸ್ಮವನ್ನು ಕಾಯಿಸಿದರೆ ಬರುವ ಗಾಳಿಯಲ್ಲಿ ಮೇಣದ ಬತ್ತಿ ಭರ್ರೆಂದು ಉರಿಯುತ್ತದೆಂದು ಬಾಯಿಬಿಟ್ಟ. ಲಾವೋಸಿಯೆಗೆ ಅಷ್ಟು ಸಾಕಾಯಿತು. (ಆ ಊಟದ ಋಣವನ್ನು ಆತ ಮುಂದೆ ಧಾರಾಳವಾಗಿ ಒಪ್ಪಿಕೊಳ್ಳಲಿಲ್ಲವೆಂಬ ದೂರು ಪ್ರೀಸ್ಟ್ಲಿಗೆ ಇತ್ತು. ದೂರಿನಲ್ಲಿ ಹುರುಳಿದೆ.)

ಆ ಮೇಲಿನ ಪ್ರಯೋಗವನ್ನು ಓದುವಾಗ ನನಗೆ ಇಂದಿಗೂ ಖುಷಿಯಾಗುತ್ತದೆ. ನಾಲ್ಕು ಔನ್ಸ್ ಪಾದರಸವನ್ನು 50 ಘನ ಅಂಗುಲ ಗಾಳಿಯ ಜೊತೆ ಕೂಡಿಹಾಕಿ ಲಾವೋಸಿಯೆ ಹನ್ನೆರಡು ದಿನ ಕಾಯಿಸಿದ. ಪಾದರಸದ ಮೇಲೆ ಕೆಂಪು ಕಣಗಳು ತೇಲಿದವು. ಗಾಳಿ 42–43 ಘನ ಅಂಗುಲಕ್ಕೆ ಇಳಿಯಿತು. ಉಳಿದ ಗಾಳಿಯಲ್ಲಿ ಬತ್ತಿ ಆರಿತು, ಪ್ರಾಣಿಗಳು ಉಸಿರುಕಟ್ಟಿದವು. ಕೆಂಪು ಕಣಗಳನ್ನು ಕೂಡಿಸಿ ತೂಗಿದರೆ 45 ಗ್ರೇನ್. ಅವನ್ನು ಇನ್ನೂ ಜೋರಾಗಿ ಕಾಯಿಸಿದ. ಸಿಕ್ಕಿದ್ದು ನಲವತ್ತೊಂದೂವರೆ ಗ್ರೇನ್ ಪಾದರಸ. ಜೊತೆಗೆ ಏಳೆಂಟು ಘನ ಅಂಗುಲ ಗಾಳಿ, ಅದರ ತೂಕ ಮೂರೂವರೆ ಗ್ರೇನ್. ಕೂಡಿಸಿ ನೋಡಿ. ಗಾಳಿ ಕಳೆದುಕೊಂಡದ್ದು ಏಳೆಂಟು ಅಂಗುಲ, ಭಸ್ಮ ವಾಪಸು ಕೊಟ್ಟದ್ದೂ ಏಳೆಂಟು ಅಂಗುಲ. ಅದನ್ನು ಉಳಿದ ಗಾಳಿಗೆ ಬೆರೆಸಿದಾಗ ಮೊದಲಿನಂಥದೇ ಗಾಳಿ ಸಿಕ್ಕಿತು, ಬತ್ತಿಯೂ ಮೊದಲಿನಂತೆ ಉರಿಯಿತು. ಫ್ಲೋಜಿಸ್ಟನ್‌ಗೆ ಅಲ್ಲಿ ಕೆಲಸವೇ ಉಳಿಯಲಿಲ್ಲ.

ಆ ಗಾಳಿಗೆ ಆತ ಇಟ್ಟ ಹೆಸರು ‘ಆಕ್ಸಿಜೀನ್’. ಗ್ರೀಕಿನಲ್ಲಿ ಆಮ್ಲವನ್ನು ಹುಟ್ಟಿಸುವುದು ಎಂದರ್ಥ. ಆಮ್ಲಗಳಿಗೆಲ್ಲ ಇದೇ ಮೂಲವೆಂದು ಆತ ತಪ್ಪಾಗಿ ತಿಳಿದಿದ್ದ. ಉಪ್ಪಿನಿಂದ ತಯಾರಾಗುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲವೆಂದು ಹಂಫ್ರಿ ಡೇವಿ 1810ರ ಹೊತ್ತಿಗೆ ತೋರಿಸಿಕೊಟ್ಟ. ಆದರೆ ಹೆಸರು ಹಾಗೇ ಉಳಿಯಿತು, ಮಕ್ಕೀಕಾಮಕ್ಕಿಯಾಗಿ ಕನ್ನಡಕ್ಕೂ ಬಂತು: ಆಮ್ಲ–ಜನಕ. ಲಾವೋಸಿಯೆ ಮಾಡಿದ ತಪ್ಪೊಂದನ್ನು ಕರ್ನಾಟಕದ ಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಾರೆ. ಜಲಜನಕ ಮಾತ್ರ ಸರಿಯಾದ ಹೆಸರು, ಉರಿದರೆ ಅದು ನಿಜವಾಗಿಯೂ ನೀರನ್ನೇ ಹುಟ್ಟಿಸುತ್ತದೆ.

1789ರಲ್ಲಿ, ಫ್ರಾನ್ಸಿನ ಕ್ರಾಂತಿಯ ವರ್ಷವೇ, ಆತನ ರಸಾಯನಶಾಸ್ತ್ರದ ಪುಸ್ತಕ ಹೊರಬಂತು. ನಾವು ಉರು ಹೊಡೆದ ನಿಯಮ ಅದರಲ್ಲಿರುವುದು ಮುನ್ನುಡಿಯಲ್ಲಲ್ಲ, ದ್ರಾಕ್ಷಿಯ ರಸ ಹುಳಿತು ಹೆಂಡವಾಗುವುದನ್ನು ವಿವರಿಸುವ ಅಧ್ಯಾಯದಲ್ಲಿ! ಕ್ರಿಯೆಗೆ ಮೊದಲು ಇದ್ದ ಪದಾರ್ಥ, ಕ್ರಿಯೆಯ ನಂತರದ ಪದಾರ್ಥ ಎರಡೂ ಸಮ ಎಂಬುದನ್ನು ಆತ ತನ್ನ ಶೋಧವೆಂದು ಸಾರಲಿಲ್ಲ; ಎಲ್ಲರೂ ಒಪ್ಪಲೇಬೇಕಾದ ನಂಬಿಕೆಯೆಂಬಂತೆ ಹೇಳಿ ಲೆಕ್ಕಕ್ಕೆ ತೊಡಗಿದ. ಸಕ್ಕರೆ ಇಷ್ಟು, ಅದರಿಂದ ಮದ್ಯಸಾರ ಇಷ್ಟು, ಗ್ಯಾಸ್ ಇಷ್ಟು ಎಂದು ಪಟ್ಟಿ ಬರೆದ. ಆ ಅಂಕಿಗಳಲ್ಲಿ ಸಾಕಷ್ಟು ತಪ್ಪುಗಳಿದ್ದವು, ಅವು ಒಂದನ್ನೊಂದು ಹೊಡೆದುಹಾಕಿ ಮೊತ್ತ ತಾಳೆಯಾಯಿತು ಎಂದು ಮುಂದಿನವರು ಕಂಡುಕೊಂಡರು. ದೊಡ್ಡ ಲೆಕ್ಕಿಗರಿಗೂ ಒಮ್ಮೊಮ್ಮೆ ಅದೃಷ್ಟ ಬೇಕಾಗುತ್ತದೆ.

ಆ ಪುಸ್ತಕದ ಚಿತ್ರಫಲಕಗಳನ್ನು ಬರೆದವಳು ಹೆಂಡತಿ ಮರಿ ಆನ್. ಮದುವೆಯಾದಾಗ ಅವಳಿಗೆ ಹದಿಮೂರು. ಗಂಡನಿಗಾಗಿ ಇಂಗ್ಲಿಷ್ ಕಲಿತು ವಿರೋಧಿಗಳ ಪುಸ್ತಕವನ್ನು ಫ್ರೆಂಚಿಗೆ ಅನುವಾದಿಸಿದಳು, ಪ್ರಯೋಗಗಳ ಟಿಪ್ಪಣಿ ಬರೆದಳು. ದಂಪತಿಯ ಒಂದು ದೊಡ್ಡ ತೈಲಚಿತ್ರವನ್ನು 1788ರಲ್ಲಿ ಜಾಕ್ ಲೂಯಿ ಡೇವಿಡ್ ಬರೆದ. ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಮೇಜಿನ ಮೇಲೆ ಗಾಜಿನ ಉಪಕರಣಗಳು, ಸರಳ ಉಡುಪು. 2021ರಲ್ಲಿ ಅಲ್ಲಿನ ತಜ್ಞರು ಅವಕೆಂಪು ಕಿರಣ, ಕ್ಷಕಿರಣಗಳಲ್ಲಿ ಪರೀಕ್ಷಿಸಿದಾಗ ಬಣ್ಣದ ಅಡಿಯಲ್ಲಿ ಇನ್ನೊಂದು ಚಿತ್ರ ಕಂಡಿತು. ಮೊದಲು ಅವಳ ತಲೆಯ ಮೇಲೆ ಶ್ರೀಮಂತರ ಭಾರೀ ಹ್ಯಾಟು ಇತ್ತು, ಉಪಕರಣಗಳು ಇರಲೇ ಇಲ್ಲ. ತೆರಿಗೆ ಗುತ್ತಿಗೆದಾರ ದಂಪತಿಯನ್ನು ಕಲಾವಿದ ಬಣ್ಣ ಬಳಿದು ವಿಜ್ಞಾನಿ ದಂಪತಿಯಾಗಿ ಮಾಡಿದ್ದ. ಹಳೆಯ ಬಣ್ಣ ಎಲ್ಲಿಗೂ ಹೋಗಿರಲಿಲ್ಲ.

ಕ್ರಾಂತಿಕಾರಿಗಳಿಗೂ ಆ ಹಳೆಯ ಬಣ್ಣ ಮರೆತಿರಲಿಲ್ಲ. 1793ರ ನವೆಂಬರಿನಲ್ಲಿ ತೆರಿಗೆ ಗುತ್ತಿಗೆದಾರರೆಲ್ಲರ ಬಂಧನವಾಯಿತು. ಹೊರಿಸಿದ ಆರೋಪಗಳಲ್ಲಿ ಒಂದು, ಹೊಗೆಸೊಪ್ಪಿಗೆ ನೀರು ಬೆರೆಸಿ ತೂಕ ಹೆಚ್ಚಿಸಿ ಜನರಿಗೆ ಮಾರಿದರೆಂಬುದು. ತೂಕದಲ್ಲಿ ಒಂದು ಗ್ರೇನ್ ವ್ಯತ್ಯಾಸವನ್ನೂ ಸಹಿಸದವನ ಮೇಲೆ ತೂಕದ ಮೋಸದ ಆರೋಪ! 1794ರ ಮೇ 8ರಂದು ವಿಚಾರಣೆ, ಅಂದೇ ಶಿಕ್ಷೆ. ಒಟ್ಟು 28 ಮಂದಿ ಗಿಲೊಟಿನ್ ಏರಿದರು. ಮರಿ ಆನ್‌ಳ ಅಪ್ಪ ಮತ್ತು ಗಂಡ ಒಬ್ಬರ ಹಿಂದೊಬ್ಬರು. ಲಾವೋಸಿಯೆಗೆ ಆಗ ಐವತ್ತು ವರ್ಷ. ಗಣರಾಜ್ಯಕ್ಕೆ ವಿಜ್ಞಾನಿಗಳು ಬೇಕಿಲ್ಲವೆಂದು ನ್ಯಾಯಾಧೀಶ ಗುಡುಗಿದನೆಂಬುದು ಎಲ್ಲರೂ ಹೇಳುವ ಕಥೆ, ಅದಕ್ಕೆ ಆಧಾರವಿಲ್ಲ.

ಜರ್ಮನಿಯ ಹಾನ್ಸ್ ಲಾಂಡೋಲ್ಟ್ ಈ ನಿಯಮವನ್ನು ಕೊನೆಯ ಬಾರಿಗೆಂಬಂತೆ ಒರೆಗೆ ಹಚ್ಚಿದ. ಎಚ್ ಅಕ್ಷರದ ಆಕಾರದ ಮುಚ್ಚಿದ ಗಾಜಿನ ಕೊಳವೆಯ ಎರಡು ಕಾಲುಗಳಲ್ಲಿ ಎರಡು ದ್ರಾವಣ. ತೂಗುವುದು, ಓರೆ ಮಾಡಿ ಬೆರೆಸುವುದು, ಮತ್ತೆ ತೂಗುವುದು. ಮೊದಮೊದಲು ಕೂದಲೆಳೆಯಷ್ಟು ತೂಕ ಕಡಿಮೆಯಾದಂತೆ ಕಂಡಿತು. ಅದು ಕೊಳವೆ ಬಿಸಿಯಾಗಿ ಹಿಗ್ಗುವುದರಿಂದ, ಗಾಜಿನ ಮೇಲಿನ ತೇವ ಆರುವುದರಿಂದ ಆದ ಮೋಸವೆಂದು ಪತ್ತೆ ಮಾಡಿ, ವರ್ಷಗಟ್ಟಲೆ ದುಡಿದು, 1908ರ ಹೊತ್ತಿಗೆ ಕೋಟಿಗೆ ಒಂದು ಪಾಲಿನ ನಿಖರತೆಯಲ್ಲೂ ವ್ಯತ್ಯಾಸವಿಲ್ಲ ಎಂದ. ಅಷ್ಟರಲ್ಲಿ, 1905ರಲ್ಲೇ, ಐನ್‌ಸ್ಟೈನ್ ದ್ರವ್ಯರಾಶಿ ಮತ್ತು ಶಕ್ತಿ ಒಂದೇ ನಾಣ್ಯದ ಎರಡು ಮುಖವೆಂದು ತೋರಿಸಿದ್ದರಲ್ಲ ಎಂದು ನೀವು ಕೇಳಬಹುದು. ನಿಜ. ಒಂದು ಕಿಲೋ ಪೆಟ್ರೋಲ್ ಉರಿದು ಬಿಸಿಯೆಲ್ಲ ಚದುರಿಹೋದಾಗ ತೂಕದಲ್ಲಿ ಕೊರತೆ ಬೀಳುತ್ತದೆ: ಒಂದು ಗ್ರಾಂನ ಹತ್ತು ಲಕ್ಷದ ಒಂದು ಪಾಲಿನ ಅರ್ಧದಷ್ಟು. ಪರಮಾಣು ಸ್ಥಾವರದಲ್ಲಿ ಇದು ದೊಡ್ಡ ಮಾತು. ಬಚ್ಚಲ ಒಲೆಗೆ ಲೆಕ್ಕಕ್ಕಿಲ್ಲ.

ಬೊಜ್ಜು ಕರಗಿ ಹೋಗುವುದೆಲ್ಲಿಗೆ?

ನಿಯಮ ಗೊತ್ತಿರುವುದು ಬೇರೆ, ಅದನ್ನು ನಂಬುವುದು ಬೇರೆ. ಬೆಳಗಿನ ವಾಕಿಂಗ್ ಮಾಡಿ ಹತ್ತು ಕಿಲೋ ಇಳಿಸಿದವರನ್ನು ಆ ಕೊಬ್ಬು ಎಲ್ಲಿ ಹೋಯಿತೆಂದು ಕೇಳಿ. ‘ಬೆವರಾಗಿ’ ಎನ್ನುತ್ತಾರೆ, ‘ಶಕ್ತಿಯಾಗಿ’ ಎನ್ನುತ್ತಾರೆ. ಸಿಡ್ನಿಯ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಇದೇ ಪ್ರಶ್ನೆಯನ್ನು ವೈದ್ಯರು, ಆಹಾರ ತಜ್ಞರು, ವ್ಯಾಯಾಮ ಕಲಿಸುವವರ ಮುಂದಿಟ್ಟಾಗ ಅವರಲ್ಲೂ ಹೆಚ್ಚಿನವರು ತಪ್ಪು ಹೇಳಿದರು. ಇಬ್ಬರೂ ಸೇರಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೆಕ್ಕ ಕೊಟ್ಟರು: 10 ಕಿಲೋ ಕೊಬ್ಬು ಕರಗಲು 29 ಕಿಲೋ ಆಮ್ಲಜನಕ ಬೇಕು; ಆಗುವುದು 28 ಕಿಲೋ ಇಂಗಾಲದ ಡೈಆಕ್ಸೈಡ್, 11 ಕಿಲೋ ನೀರು. ಕೊಬ್ಬಿನ ಪಾಲನ್ನೇ ಎಣಿಸಿದರೆ ಹತ್ತರಲ್ಲಿ 8.4 ಕಿಲೋ ಮೂಗಿನಿಂದಲೇ ಹೊರಹೋಗಿರುತ್ತದೆ. ಬೊಜ್ಜನ್ನು ನಾವು ಉಸಿರಾಡಿ ಕಳೆಯುತ್ತೇವೆ!

ಅಪ್ಪ ತೀರಿಕೊಂಡ ಮೂರನೆಯ ದಿನ ಅಸ್ಥಿ ಆರಿಸಲು ಹೋದಾಗ ನನಗೆ ಬಚ್ಚಲ ಒಲೆ ನೆನಪಾಯಿತು. ಅಂಥ ಹೊತ್ತಿನಲ್ಲಿ ಲೆಕ್ಕ ಹಾಕುವುದು ತಪ್ಪೇನೋ, ಆದರೆ ಮನಸ್ಸು ಕೇಳಲಿಲ್ಲ. ಅರವತ್ತು ಕಿಲೋ ಇದ್ದ ಮನುಷ್ಯ. ಮಡಕೆಯಲ್ಲಿದ್ದದ್ದು ಎರಡು ಮೂರು ಕಿಲೋ. ಮಿಕ್ಕದ್ದು ಮೊದಲ ರಾತ್ರಿಯೇ ಮಸಣದ ಮಾವಿನ ಮರಗಳ ಮೇಲಿಂದ ಹೋಗಿತ್ತು. ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡ್ ಒಂದೆರಡು ವರ್ಷದಲ್ಲಿ ಭೂಮಿಯ ಸುತ್ತ ಬೆರೆತುಹೋಗುತ್ತದಂತೆ. ಪುರೋಹಿತರು ಮಡಕೆಯನ್ನು ತುಂಗೆಗೆ ಬಿಡಲು ಹೇಳಿದರು, ಬಿಟ್ಟೆ.

ಗಾಳಿಗೆ ಬಿಟ್ಟದ್ದು ಹೋಯಿತು ಎಂದುಕೊಳ್ಳುವ ಅಭ್ಯಾಸ ನಮಗೆ ಎಷ್ಟು ಆಳದ್ದೆಂದರೆ, ಸ್ಕೂಟರಿಗೆ ಒಂದು ಲೀಟರ್ ಪೆಟ್ರೋಲ್ ಹಾಕಿಸಿದವರು ಮುಕ್ಕಾಲು ಕಿಲೋದಷ್ಟಿರುವ ಆ ದ್ರವ 2.3 ಕಿಲೋ ಇಂಗಾಲದ ಡೈಆಕ್ಸೈಡಾಗಿ ಹಿಂದಿನ ಕೊಳವೆಯಿಂದ ಹೊರಟಿತೆಂದರೆ ನಗುತ್ತಾರೆ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ ಸುಮಾರು 315 ಪಾಲು ಇತ್ತು. ಈಗ 420 ದಾಟಿದೆ. ಅಜ್ಜಿ ಹೇಳಿದ ‘ಮೇಲೆ’ ಎಂಬುದು ತುಂಬುತ್ತಿರುವ ಪಾತ್ರೆ.

ಸಯನೈಡ್ ದಿಬ್ಬಗಳು

ಗಾಳಿಗೆ ಹೋದದ್ದು ಕಾಣುವುದಿಲ್ಲ. ಕಾಣುವಂತೆ ಉಳಿದದ್ದನ್ನು ನೋಡಬೇಕಾದರೆ ಕೋಲಾರದ ಚಿನ್ನದ ಗಣಿಗೆ ಹೋಗಬೇಕು. ಬಂಗಾರಪೇಟೆಯಿಂದ ರೈಲಿನಲ್ಲಿ ಬರುವಾಗಲೇ ಊರಿನ ಬೆನ್ನಿಗೆ ಬೂದುಬಣ್ಣದ, ಮೇಲೆ ಚಪ್ಪಟೆಯಾದ, ಮಳೆ ಕೊರೆದು ಸೀಳು ಸೀಳಾದ ಗುಡ್ಡಗಳು ಕಾಣುತ್ತವೆ. ಅವು ದೇವರು ಮಾಡಿದ ಗುಡ್ಡಗಳಲ್ಲ. ನೆಲದಡಿ 3 ಕಿಲೋಮೀಟರಿಗೂ ಆಳದಿಂದ ಕಲ್ಲನ್ನು ತಂದು, ಹಿಟ್ಟಿನಂತೆ ಅರೆದು, ಚಿನ್ನ ತೆಗೆದು ಬಿಸುಟ ಪುಡಿ. ಊರಿನವರ ಬಾಯಲ್ಲಿ ‘ಸಯನೈಡ್ ದಿಬ್ಬ’.

ಅರೆದ ಕಲ್ಲಿನಿಂದ ಚಿನ್ನ ತೆಗೆಯುವ ಉಪಾಯವನ್ನು 1887ರಲ್ಲಿ ಗ್ಲಾಸ್ಗೋದ ಜಾನ್ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ಕಂಡುಕೊಂಡಿದ್ದರು. ಯಾವ ಆಮ್ಲಕ್ಕೂ ಸುಲಭಕ್ಕೆ ಬಗ್ಗದ ಚಿನ್ನ, ಸಯನೈಡ್ ಬೆರೆತ ನೀರಿನಲ್ಲಿ, ಗಾಳಿಯ ಆಮ್ಲಜನಕದ ನೆರವಿನಿಂದ, ಸಕ್ಕರೆಯಂತೆ ಕರಗಿ ಮಾಯವಾಗುತ್ತದೆ. ಆ ನೀರು ನೋಡಲು ಬರೀ ನೀರು. ಅದಕ್ಕೆ ಸತುವಿನ ಪುಡಿ ಹಾಕಿದರೆ ಸತು ಕರಗಿ ಚಿನ್ನ ತಳಕ್ಕೆ ಇಳಿಯುತ್ತದೆ. ಕರಗಿದ್ದಷ್ಟೂ ಸಿಗುತ್ತದೆ. ಲಾವೋಸಿಯೆ ನೋಡಿದ್ದರೆ ಮೆಚ್ಚುತ್ತಿದ್ದ.

1880ರ ದಶಕದಿಂದ 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೆ ಅಲ್ಲಿಂದ ಸುಮಾರು 800 ಟನ್ ಚಿನ್ನ ಹೊರಟಿತು. ಆ ಚಿನ್ನ ಈಗಲೂ ಎಲ್ಲೋ ಇದೆ, ಲಂಡನ್ನಿನ ಯಾವುದೋ ಬ್ಯಾಂಕಿನ ನೆಲಮಾಳಿಗೆಯಲ್ಲಿ, ಯಾರದೋ ಕೊರಳಲ್ಲಿ. ಬಿಟ್ಟುಹೋದ ಪುಡಿ 3 ಕೋಟಿ ಟನ್ನಿಗೂ ಹೆಚ್ಚು. ಅದು ಎಲ್ಲೋ ಅಲ್ಲ, ಅಲ್ಲೇ ಇದೆ. ಬೇಸಿಗೆಯ ಗಾಳಿ ಎದ್ದಾಗ ದಿಬ್ಬದ ದೂಳು ಗಣಿ ಕಾರ್ಮಿಕರ ಸಾಲುಮನೆಗಳ ಮೇಲೆ ಹಾಯುತ್ತದೆ. ಅನ್ನದ ತಟ್ಟೆಗೂ ಬರುತ್ತದೆ, ಎದೆಗೂ ಇಳಿಯುತ್ತದೆ. ಕಲ್ಲು ಅರೆದ ನುಣ್ಣನೆಯ ಪುಡಿ ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ಗಣಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಹೆಸರು ಸಯನೈಡ್ ದಿಬ್ಬವಾದರೂ ಸಯನೈಡ್ ಅಷ್ಟು ಗಟ್ಟಿ ಜೀವವಲ್ಲ. ಬಿಸಿಲು, ಗಾಳಿ, ಸೂಕ್ಷ್ಮಜೀವಿಗಳ ಕೈಗೆ ಸಿಕ್ಕರೆ ಅದು ಒಡೆಯುತ್ತದೆ. ಅದರೊಳಗಿನ ಇಂಗಾಲ, ಸಾರಜನಕಗಳು ಬೇರೆ ನಿರಪಾಯದ ಜೋಡಿ ಹುಡುಕಿಕೊಳ್ಳುತ್ತವೆ. ವಿಷವೆಂಬುದು ಅಲ್ಲಿ ಜೋಡಣೆಯಲ್ಲಿತ್ತು, ಜೋಡಣೆ ಮುರಿದರೆ ವಿಷವೂ ಹೋಯಿತು. ಪಾದರಸ, ಸೀಸ, ಆರ್ಸೆನಿಕ್‌ಗಳ ಮಾತು ಹಾಗಲ್ಲ. ಅವು ಮೂಲಧಾತುಗಳು. ಸುಟ್ಟರೆ ಹೊಗೆಯಲ್ಲಿ, ತೊಳೆದರೆ ಕೆರೆಯಲ್ಲಿ, ಹೂತರೆ ಬಾವಿಯಲ್ಲಿ. ಎಷ್ಟು ಸಾವಿರ ಡಿಗ್ರಿಯ ಬೆಂಕಿಯೂ ಅವನ್ನು ಇಲ್ಲವಾಗಿಸದು. ನಗರಸಭೆಗಳು ‘ಕಸ ಸುಟ್ಟು ವಿಲೇವಾರಿ’ ಎಂದಾಗ ನಾವು ಕೇಳಬೇಕಾದ ಪ್ರಶ್ನೆ ಇದೇ: ಯಾವ ಬಗೆಯ ಕಸ, ಮುರಿಯುವಂಥದ್ದೋ ಮುರಿಯದ್ದೋ?

ಈ ದಿಬ್ಬಗಳಲ್ಲಿ ಇನ್ನೂ ಚಿನ್ನ ಉಳಿದಿದೆ. ಹಳೆಯ ಕಾಲದ ಯಂತ್ರಗಳಿಗೆ ಸಿಗದೆ ತಪ್ಪಿಸಿಕೊಂಡದ್ದು, ಟನ್ನಿಗೆ ಒಂದು ಗ್ರಾಂಗೂ ಕಡಿಮೆ. ಚಿನ್ನದ ಬೆಲೆ ಏರಿದ ಹಾಗೆಲ್ಲ ಅದನ್ನು ಮತ್ತೆ ತೊಳೆದು ತೆಗೆಯುವ ಮಾತು ಬರುತ್ತದೆ. 2024ರಲ್ಲಿ ಹದಿಮೂರು ದಿಬ್ಬಗಳನ್ನು ಹೀಗೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಕೆಲಸವಿಲ್ಲದೆ ದಿನಾ ಮುಂಜಾನೆ ಬೆಂಗಳೂರಿನ ರೈಲು ಹಿಡಿಯುವ ಅಲ್ಲಿನ ಹುಡುಗರಿಗೆ ಇದರಿಂದ ನಾಲ್ಕು ಕಾಸು ಸಿಗುವುದಾದರೆ ಬೇಡವೆನ್ನಲು ನಾನು ಯಾರು? ಆದರೆ ಲಾವೋಸಿಯೆಯ ತಕ್ಕಡಿ ಇಲ್ಲಿಯೂ ತೂಗುತ್ತದೆ. ಒಂದು ಟನ್ ಎಂದರೆ 10 ಲಕ್ಷ ಗ್ರಾಂ. ಅದರಲ್ಲಿ ಒಂದು ಗ್ರಾಂ ತೆಗೆದ ಮೇಲೆ 9,99,999 ಗ್ರಾಂ ಉಳಿಯುತ್ತದೆ. ಈ ಸಲ ಇನ್ನೂ ನುಣ್ಣಗೆ ಅರೆದ, ಹೊಸದಾಗಿ ಸಯನೈಡ್ ಸೇರಿದ ಒದ್ದೆ ಪುಡಿ. ಟೆಂಡರು ಕರೆಯುವವರನ್ನು ಆ ಊರಿನವರು ಮೊದಲು ಕೇಳಬೇಕಾದದ್ದು ಚಿನ್ನ ಎಷ್ಟು ಸಿಗುತ್ತದೆಂದಲ್ಲ. ಉಳಿದದ್ದನ್ನು ಎಲ್ಲಿ ಹಾಕುತ್ತೀರಿ?